ಹಿತ್ತಲ ಕೋಳಿಗೂ ಲಸಿಕೆಯ ದಿನ ಗೊತ್ತುಮಾಡಿ

ಮಾನ್ಯ ಸಂಪಾದಕರೇ,

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತೆಂದರೆ ನಮ್ಮ ಕಡೆ ಹೆಂಗಸರ ಬಾಯಲ್ಲಿ ಒಂದೇ ಮಾತು: 'ಕೋಳಿಗೆ ರೋಗ ಬಂತಂತೆ.' ಒಂದು ಬೀದಿಯಲ್ಲಿ ಶುರುವಾದರೆ ಊರಿಗೆಲ್ಲ ಹಬ್ಬಲು ಹೆಚ್ಚು ದಿನ ಬೇಡ. ಯುಗಾದಿಯ ಹೊಸತೊಡಕಿಗೆಂದು ಸಾಕಿದ ಹುಂಜ, ಕಾವು ಕೂತ ಹೇಟೆ, ಆಗಷ್ಟೇ ರೆಕ್ಕೆ ಬಲಿತ ಮರಿ ಎಲ್ಲವೂ ಒಂದರ ಹಿಂದೆ ಒಂದು ಬೀಳುತ್ತವೆ. ಹಸುವಿಗೆ ಕಾಯಿಲೆಯಾದರೆ ಡಾಕ್ಟರು ಕೊಟ್ಟಿಗೆಗೇ ಬರುತ್ತಾರೆ, ವಿಮೆ ಇರುತ್ತದೆ, ಡೇರಿಯವರು ವಿಚಾರಿಸುತ್ತಾರೆ. ಕೋಳಿ ಸತ್ತರೆ 'ಹೋಗ್ಲಿ ಬಿಡು, ಕೋಳಿ ತಾನೆ' ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಆ ಮಾತನ್ನು ಒಪ್ಪಲಾರದೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ತುರುವೇಕೆರೆ ತಾಲ್ಲೂಕಿನ ಹಳ್ಳಿಯೊಂದರವಳು, ಅಂಗನವಾಡಿ ಕಾರ್ಯಕರ್ತೆಯಾಗಿದ್ದು ನಿವೃತ್ತಳಾದವಳು. ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಹಿತ್ತಲಲ್ಲಿ ನಾಟಿ ಕೋಳಿ ಇಲ್ಲದ ದಿನ ಇಲ್ಲ. ಹಸುವಿನ ದುಡ್ಡು ಗಂಡಸರ ಬ್ಯಾಂಕ್ ಖಾತೆಗೆ ಹೋಗುತ್ತದೆ. ಮೊಟ್ಟೆಯ ದುಡ್ಡು ಹೆಂಗಸರ ಸೆರಗಿನ ಗಂಟಿನಲ್ಲಿ ಉಳಿಯುತ್ತದೆ. ಮಗುವಿನ ನೋಟ್‌ಬುಕ್ಕು, ತವರಿಗೆ ಹೋಗುವ ಬಸ್ ಚಾರ್ಜು, ಬಾಣಂತಿ ಮನೆಗೆ ಒಯ್ಯುವ ಸಾಮಾನು ಅದರಲ್ಲೇ ಆಗಬೇಕು. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 85 ಕೋಟಿ ಕೋಳಿ ಮೊದಲಾದ ಸಾಕುಪಕ್ಷಿಗಳಿವೆ. ಅದರಲ್ಲಿ 31 ಕೋಟಿಗೂ ಹೆಚ್ಚು ಹಿತ್ತಲಲ್ಲೇ ಬೆಳೆಯುವಂಥವು. ಇಷ್ಟು ದೊಡ್ಡ ಆಸ್ತಿಯನ್ನು ನೋಡಿಕೊಳ್ಳುವವರಿಗೆ ಅದರ ಕಾಯಿಲೆ ಯಾವುದು, ಯಾವುದಕ್ಕೆ ಮದ್ದುಂಟು, ಯಾವುದಕ್ಕಿಲ್ಲ ಎಂದು ಕೂತು ಹೇಳಿಕೊಟ್ಟವರು ಯಾರೂ ಇಲ್ಲ.

ಬೇಸಿಗೆಯಲ್ಲಿ ಊರನ್ನೇ ಬರಿದು ಮಾಡುವುದು ಕೊಕ್ಕರೆ ರೋಗ. ಪುಸ್ತಕಗಳಲ್ಲಿ ಇದಕ್ಕೆ ರಾಣಿಖೇತ್ ರೋಗ ಎನ್ನುತ್ತಾರೆ. ಹಿಮಾಲಯದ ತಪ್ಪಲಿನ ರಾಣಿಖೇತ್ ಎಂಬ ಊರಿನಲ್ಲಿ 1920ರ ದಶಕದ ಕೊನೆಯಲ್ಲಿ ಇದನ್ನು ಗುರುತಿಸಿದ್ದರಿಂದ ಆ ಹೆಸರು ನಿಂತಿತು. ಇದು ವೈರಸ್ಸಿನಿಂದ ಬರುವ ರೋಗ. ಕೋಳಿ ಮೊದಲು ಮಂಕಾಗುತ್ತದೆ, ಮೇವು ಬಿಡುತ್ತದೆ. ಹಸಿರು ಬಿಳಿ ಬೆರೆತ ನೀರು ನೀರಾದ ಹಿಕ್ಕೆ ಹಾಕುತ್ತದೆ. ಬಾಯಿ ತೆರೆದು, ಕತ್ತು ನೀಡಿ, ಕೊರ್ ಕೊರ್ ಎನ್ನುತ್ತ ಉಸಿರೆಳೆಯುತ್ತದೆ. ಎರಡು ಮೂರು ದಿನ ತಡೆದರೆ ಕತ್ತು ತಿರುಚಿಕೊಳ್ಳುತ್ತದೆ, ಒಂದು ಕಡೆಯ ರೆಕ್ಕೆ ಜೋಲುತ್ತದೆ, ಕಾಲು ಬೀಳುತ್ತದೆ. ಕೆಲವು ರಾತ್ರಿ ಚೆನ್ನಾಗಿ ಗೂಡು ಸೇರಿ ಬೆಳಗ್ಗೆ ಸತ್ತು ಬಿದ್ದಿರುತ್ತವೆ. ಲಸಿಕೆ ಕಾಣದ ಹಿಂಡಿನಲ್ಲಿ ನೂರಕ್ಕೆ ತೊಂಬತ್ತು ಸಾಯುವುದೂ ಉಂಟು. ಬೆಳ್ಳುಳ್ಳಿ, ಮೆಣಸು, ವೀಳ್ಯದೆಲೆ ಅರೆದು ನುಂಗಿಸಿದರೂ ಅಷ್ಟೆ, ಔಷಧಿ ಅಂಗಡಿಯ ಕ್ಯಾಪ್ಸೂಲ್ ಒಡೆದು ಹಾಕಿದರೂ ಅಷ್ಟೆ. ಬಂದ ಮೇಲೆ ಇದಕ್ಕೆ ಮದ್ದಿಲ್ಲ. ಬರುವ ಮುಂಚೆ ಲಸಿಕೆ ಇದೆ. ಅದೇನೂ ಹೊಸ ಕಂಡುಹಿಡಿತವಲ್ಲ, ದುಬಾರಿಯೂ ಅಲ್ಲ. ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೇ ತಯಾರಾಗುತ್ತದೆ.

ಹಾಗಿದ್ದರೂ ಹಳ್ಳಿಯ ಕೋಳಿಗೆ ಯಾಕೆ ಸಿಗುವುದಿಲ್ಲ? ಕಾರಣ ಲಸಿಕೆಯ ಸೀಸೆಯಲ್ಲಿದೆ. ಒಂದು ಸೀಸೆ ಎಂದರೆ ನೂರು ಕೋಳಿಗೋ ಇನ್ನೂರಕ್ಕೋ ಐನೂರಕ್ಕೋ ಆಗುವಷ್ಟು. ಅದನ್ನು ಫ್ರಿಜ್ಜಿನ ತಣುವಿನಲ್ಲೇ ಇಡಬೇಕು, ತಣುವಿನಲ್ಲೇ ತರಬೇಕು. ಪುಡಿಯನ್ನು ಅದರ ನೀರಿನಲ್ಲಿ ಕದಡಿದ ಮೇಲೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಫಾರಂ ಇಟ್ಟವರಿಗೆ ಇದು ಸಲೀಸು. ಹತ್ತು ಹನ್ನೆರಡು ಕೋಳಿ ಇಟ್ಟ ಹೆಂಗಸು ತಾಲ್ಲೂಕು ಕೇಂದ್ರದಿಂದ ಸೀಸೆ ತಂದು, ಹನ್ನೆರಡಕ್ಕೆ ಹಾಕಿ, ಮಿಕ್ಕದ್ದನ್ನು ಚೆಲ್ಲುವುದು ಆಗಿಹೋಗುವ ಮಾತಲ್ಲ. ಅವಳು ಪಶು ಆಸ್ಪತ್ರೆಗೆ ಹೋಗಿ ಕೇಳಿದರೆ 'ಇಷ್ಟಕ್ಕೆ ಸೀಸೆ ಒಡೆಯೋಕಾಗಲ್ಲಮ್ಮ, ಇನ್ನಷ್ಟು ಜನ ಸೇರಿಸ್ಕೊಂಡು ಬನ್ನಿ' ಎನ್ನುತ್ತಾರೆ. ಅವರು ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಜನ ಸೇರಿಸುವುದು ಅವಳೊಬ್ಬಳ ಕೆಲಸವಾಗಬಾರದು, ಒಂದು ವ್ಯವಸ್ಥೆಯ ಕೆಲಸವಾಗಬೇಕು.

ಪೋಲಿಯೊ ಹನಿಯನ್ನು ಮನೆ ಮನೆಗೆ ಮುಟ್ಟಿಸಿದ ಜಿಲ್ಲೆ ನಮ್ಮದು. ಐಸ್ ಪ್ಯಾಕ್ ಇಟ್ಟ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ತೆಂಗಿನ ತೋಟದ ಒಂಟಿ ಮನೆಗಳಿಗೂ ಹೋದವರು ನಾವು. ಎಷ್ಟು ಮಕ್ಕಳಿದ್ದಾರೆಂದು ಮುಂಚೆಯೇ ಪಟ್ಟಿ ಮಾಡುತ್ತಿದ್ದೆವು, ಹಿಂದಿನ ದಿನ ಸಾರುತ್ತಿದ್ದೆವು, ಗೊತ್ತಾದ ದಿನ ಎಲ್ಲರಿಗೂ ಹಾಕುತ್ತಿದ್ದೆವು. ಕೋಳಿಗೂ ಬೇಕಿರುವುದು ಇದೇ. ಊರಿಗೊಂದು ದಿನ ಗೊತ್ತುಮಾಡಿ, ಒಂದು ಸೀಸೆ ತಂದು, ಇಡೀ ಬೀದಿಯ ಕೋಳಿಗೆ ಒಟ್ಟಿಗೆ ಹಾಕಿದರೆ ತಲಾ ಬೀಳುವ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಕೋಳಿ ಹಿಡಿಯುವುದೇ ಕಷ್ಟ ಎನ್ನುವವರಿಗೆ ಒಂದು ಮಾತು: ಹೊತ್ತು ಮುಳುಗಿ ಕೋಳಿ ಗೂಡು ಸೇರಿದ ಮೇಲೆ ಹಿಡಿಯಿರಿ. ಕತ್ತಲಲ್ಲಿ ಅದು ಓಡುವುದಿಲ್ಲ. ಹಿಂಡನ್ನೆಲ್ಲ ಒಬ್ಬರು ಹಿಡಿದು ಕೊಡುತ್ತ, ಇನ್ನೊಬ್ಬರು ಕಣ್ಣಿಗೆ ಹನಿ ಬಿಡುತ್ತ ಹೋದರೆ ಒಂದು ಮನೆಗೆ ಐದು ನಿಮಿಷ ಸಾಕು.

ಯಾವ ವಯಸ್ಸಿಗೆ ಯಾವುದು ಎನ್ನುವುದೂ ಹೆಂಗಸರಿಗೆ ಗೊತ್ತಿರಬೇಕು. ಮರಿ ಹೊರಬಂದ ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಕೊಕ್ಕರೆ ರೋಗದ ಲಸಿಕೆಯ ಒಂದು ಹನಿ. ನಾಲ್ಕು ವಾರಕ್ಕೆ ಮತ್ತೊಮ್ಮೆ ಹನಿ. ಆರೇಳು ವಾರಕ್ಕೆ ರೆಕ್ಕೆಯ ತೆಳು ಚರ್ಮಕ್ಕೆ ಚುಚ್ಚುವ ಸಿಡುಬಿನ ಲಸಿಕೆ. ಎಂಟು ವಾರ ತುಂಬಿದ ಮೇಲೆ ಕೊಕ್ಕರೆ ರೋಗಕ್ಕೇ ಆರ್‌2ಬಿ ಎಂಬ ಇಂಜೆಕ್ಷನ್. ಇದು ಸ್ವಲ್ಪ ಖಾರದ ಲಸಿಕೆ. ಮೊದಲು ಹನಿ ಬೀಳದ ಕೋಳಿಗೆ, ಎಂಟು ವಾರದೊಳಗಿನ ಮರಿಗೆ, ಮೊಟ್ಟೆಗೆ ಬಿದ್ದಿರುವ ಹೇಟೆಗೆ ಡಾಕ್ಟರನ್ನು ಕೇಳದೆ ಹಾಕಿಸಬಾರದು. ಕೆಲವರು ಹನಿಯ ಲಸಿಕೆಯನ್ನು ಕುಡಿಯುವ ನೀರಿಗೆ ಬೆರೆಸುತ್ತಾರೆ. ಹಾಗೆ ಮಾಡುವುದಾದರೆ ಪಂಚಾಯಿತಿ ನಲ್ಲಿ ನೀರು ಬೇಡ. ಅದರಲ್ಲಿನ ಬ್ಲೀಚಿಂಗ್ ಪೌಡರ್ ಲಸಿಕೆಯನ್ನು ಕೊಲ್ಲುತ್ತದೆ. ಬಾವಿ ನೀರಿರಲಿ. ಆಮೇಲೆ, ಊರಿನಲ್ಲಿ ರೋಗ ಕಾಣಿಸಿಕೊಂಡ ಮೇಲೆ ಓಡಿಹೋಗಿ ಲಸಿಕೆ ತಂದರೆ ಕಾಯಿಲೆಬಿದ್ದ ಕೋಳಿ ಎದ್ದು ಕೂರುವುದಿಲ್ಲ. ಮೈಯಲ್ಲಿ ಶಕ್ತಿ ಬರಲು ಎರಡು ಮೂರು ವಾರ ಬೇಕು. ಅದಕ್ಕೇ ಹೇಳುತ್ತಿರುವುದು, ಶಿವರಾತ್ರಿಗೆ ಮುಂಚೆ ಮುಗಿಯಬೇಕೆಂದು.

ಇಷ್ಟು ಹೇಳಿದ್ದರಿಂದ ಬೀಳುವ ಕೋಳಿಗೆಲ್ಲ ಕೊಕ್ಕರೆ ರೋಗವೇ ಎಂದು ಯಾರೂ ತಿಳಿಯಬಾರದು. ನನ್ನ ಇನ್ನೊಂದು ಸಂಕಟ ಅದೇ. ಕೋಳಿ ಸ್ವಲ್ಪ ಮುದುರಿ ನಿಂತರೂ 'ರೋಗ ಬಂತು, ಸಾಯೋದ್ರೊಳಗೆ ಕುಯ್ದುಬಿಡಿ' ಎನ್ನುತ್ತಾರೆ. ಬದುಕಬಹುದಾದ ಎಷ್ಟೋ ಕೋಳಿ ಹೀಗೆ ಹೋಗುತ್ತವೆ. ಅದರಲ್ಲೂ ಕಾಯಿಲೆ ಕೋಳಿಯನ್ನು ಕುಯ್ದು, ಕೈಯಿಂದ ತೊಳೆದು, ಮಕ್ಕಳಿಗೆ ಬಡಿಸುವುದು ನನಗೆ ಸ್ವಲ್ಪವೂ ಸರಿಕಾಣದು.

ಕೋಳಿ ತನ್ನ ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತದೆ. ನಮಗೆ ಕಾಣುವ ಹೊತ್ತಿಗೆ ಅದು ಒಂದೆರಡು ದಿನದಿಂದ ಸೊರಗಿರುತ್ತದೆ. ಹಾಗಾಗಿ ಬೆಳಗ್ಗೆ ಗೂಡಿನ ಬಾಗಿಲು ತೆಗೆಯುವ ಗಳಿಗೆ ಬಹಳ ಮುಖ್ಯ. ನಾನು ಬಾಗಿಲು ತೆಗೆದು ಪಕ್ಕಕ್ಕೆ ನಿಲ್ಲುತ್ತೇನೆ. ಯಾವುದು ಕೊನೆಗೆ ಬಂತು, ಕಾಳು ಎರಚಿದಾಗ ಯಾವುದು ದೂರ ನಿಂತಿತು, ಯಾವುದರ ಬಾಲ ಇಳಿಬಿದ್ದಿದೆ, ಯಾವುದು ಪುಕ್ಕ ಕೆದರಿಕೊಂಡು ಕಣ್ಣು ಅರ್ಧ ಮುಚ್ಚಿದೆ, ಇಷ್ಟು ನೋಡುತ್ತೇನೆ. ಸಂಶಯ ಬಂದದ್ದನ್ನು ಹಿಡಿದು ಎದೆಯ ಮೂಳೆ ಮುಟ್ಟಿ ನೋಡುತ್ತೇನೆ. ಎರಡೂ ಕಡೆ ಮಾಂಸ ತುಂಬಿದ್ದರೆ ಸರಿ. ಮೂಳೆ ಚೂಪಾಗಿ ಕೈಗೆ ಸಿಕ್ಕರೆ ಬಹಳ ದಿನದಿಂದ ಸೊರಗುತ್ತಿದೆ ಎಂದರ್ಥ, ಹೊಟ್ಟೆಯಲ್ಲಿ ಜಂತು ಇರಬಹುದು. ಜುಟ್ಟು ಕೆಂಪಗಿರಬೇಕು, ಬಿಳಿಚಿದ್ದರೆ ರಕ್ತ ಕಡಿಮೆ, ಜಂತುವೋ ಉಣ್ಣೆಯೋ ಹೀರುತ್ತಿದೆ. ನೀಲಿಯಾಗಿದ್ದರೆ ಉಸಿರಿನ ತೊಂದರೆ ಅಥವಾ ಅದಕ್ಕಿಂತ ಗಂಭೀರವಾದದ್ದು. ಕುತ್ತಿಗೆ ಕೆಳಗೆ ಕಾಳು ತುಂಬಿಕೊಳ್ಳುವ ಚೀಲವನ್ನೂ ಮುಟ್ಟಬೇಕು. ರಾತ್ರಿ ಕಳೆದು ಬೆಳಗ್ಗೆ ಅದು ಬರಿದಾಗಿರಬೇಕು. ಆಗಲೂ ಗಟ್ಟಿಯಾಗಿ ಉಬ್ಬಿದ್ದರೆ ನಾರೋ ಹುಲ್ಲೋ ದಾರವೋ ಸಿಕ್ಕಿಕೊಂಡಿದೆ.

ಮೈ ಮುಟ್ಟಿ 'ಜ್ವರ ಕಾಯ್ತಾ ಇದೆ' ಎನ್ನುವವರೂ ಇದ್ದಾರೆ. ಕೋಳಿಯ ಮೈ ಯಾವಾಗಲೂ ನಮಗಿಂತ ಬಿಸಿ, ಸೆಲ್ಸಿಯಸ್ ಲೆಕ್ಕದಲ್ಲಿ 41 ಡಿಗ್ರಿಯ ಆಸುಪಾಸು. ಮುಟ್ಟಿ ನೋಡಿ ಜ್ವರ ಹೇಳಲಾಗದು. ಹಿಕ್ಕೆಯ ವಿಷಯದಲ್ಲೂ ಹೀಗೇ ಗಾಬರಿಬೀಳುತ್ತಾರೆ. ಚೆನ್ನಾಗಿರುವ ಕೋಳಿಯ ಹಿಕ್ಕೆ ಗಟ್ಟಿಯಾಗಿದ್ದು ಮೇಲೆ ಸುಣ್ಣ ಇಟ್ಟ ಹಾಗೆ ಬಿಳಿ ಇರುತ್ತದೆ. ಆಗೊಮ್ಮೆ ಈಗೊಮ್ಮೆ ಅದೇ ಕೋಳಿ ಅಂಟಂಟಾದ, ಕಂದು ಬಣ್ಣದ, ಕೆಟ್ಟ ವಾಸನೆಯದನ್ನೂ ಹಾಕುತ್ತದೆ. ಅದು ಸಹಜ, ಭೇದಿಯಲ್ಲ. ಹೆದರಬೇಕಾದ್ದು ಹಸಿರು ನೀರಿಗೆ, ರಕ್ತಕ್ಕೆ.

ರಕ್ತ ಭೇದಿ ಬರುವುದು ಹೆಚ್ಚಾಗಿ ಮೂರರಿಂದ ಎಂಟು ವಾರದ ಮರಿಗಳಿಗೆ, ಅದೂ ಮಳೆಗಾಲದಲ್ಲಿ ನೆಲ ಒದ್ದೆಯಾಗಿದ್ದಾಗ. ಮರಿ ಮುದುರಿ ನಿಂತು, ರೆಕ್ಕೆ ಇಳಿಬಿಟ್ಟು, ರಕ್ತ ಬೆರೆತ ಹಿಕ್ಕೆ ಹಾಕಿದರೆ ಇದೇ. ಇದಕ್ಕೆ ಆಂಪ್ರೋಲಿಯಂ ಎಂಬ ಒಳ್ಳೆಯ ಔಷಧಿಯಿದೆ. ಡಾಕ್ಟರು ಹೇಳಿದ ಅಳತೆಯಲ್ಲಿ ನೀರಿಗೆ ಬೆರೆಸಿ ಕುಡಿಸಿದರೆ ಮರಿ ಉಳಿಯುತ್ತದೆ. ಸಮಯಕ್ಕೆ ಸಿಕ್ಕಬೇಕು, ಅಷ್ಟೆ. ಜೊತೆಗೆ ಒದ್ದೆ ಹೊಟ್ಟು ತೆಗೆದು ಬಿಸಾಡಿ, ನೆಲ ಒಣಗಿಸಿ, ಹೊಸ ಭತ್ತದ ಹೊಟ್ಟು ಹರಡಬೇಕು. ನೀರಿನ ತಟ್ಟೆಯನ್ನು ಇಟ್ಟಿಗೆ ಮೇಲಿಟ್ಟರೆ ಹಿಕ್ಕೆ ಬೀಳುವುದಿಲ್ಲ. ಔಷಧಿಯಷ್ಟೇ ಕೆಲಸವನ್ನು ಒಣ ನೆಲವೂ ಮಾಡುತ್ತದೆ ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಸುಸ್ತಾದ ಮರಿಗೆ, ವಾಂತಿಭೇದಿಯಾದ ಮಕ್ಕಳಿಗೆ ಅಂಗನವಾಡಿಯಲ್ಲಿ ಹೇಳಿಕೊಡುತ್ತಿದ್ದ ನೀರೇ ಆಗುತ್ತದೆ: ಒಂದು ಲೀಟರ್ ಕಾಸಿ ಆರಿಸಿದ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕುಡಿಸುವಾಗ ಬಾಯಿ ಅಗಲಿಸಿ ಸುರಿಯಬೇಡಿ. ಕೋಳಿಯ ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ, ನೀರು ನೇರ ಅಲ್ಲಿಗೇ ಇಳಿಯುತ್ತದೆ. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಮುಟ್ಟಿಸಿದರೆ ತಾನೇ ಚಪ್ಪರಿಸಿ ನುಂಗುತ್ತದೆ.

ಸಿಡುಬಿಗೆ ನಮ್ಮ ಕಡೆ ಕೆಲವರು 'ಅಮ್ಮ' ಎಂದು ಕೈಮುಗಿದು ದೂರ ನಿಲ್ಲುತ್ತಾರೆ. ಭಕ್ತಿ ಇರಲಿ, ಕೋಳಿಗೆ ಆರೈಕೆಯೂ ಇರಲಿ. ಸೊಳ್ಳೆ ಇದನ್ನು ಒಂದರಿಂದ ಒಂದಕ್ಕೆ ದಾಟಿಸುತ್ತದೆ. ಜುಟ್ಟಿನ ಮೇಲೆ, ಕಣ್ಣಿನ ರೆಪ್ಪೆಯ ಮೇಲೆ, ಕೊಕ್ಕಿನ ಮೂಲೆಯಲ್ಲಿ ಗಂಟು ಎದ್ದು ಕಪ್ಪು ಹೊಪ್ಪಳೆ ಕಟ್ಟುತ್ತದೆ. ಮೂರು ನಾಲ್ಕು ವಾರದಲ್ಲಿ ತಾನಾಗಿ ಉದುರುತ್ತದೆ. ಎಷ್ಟೋ ಕೋಳಿ ಸಾಯುವುದು ಸಿಡುಬಿನಿಂದಲ್ಲ, ಹಸಿವಿನಿಂದ. ರೆಪ್ಪೆ ಅಂಟಿಕೊಂಡು ಕಣ್ಣು ಕಾಣದೆ ಕಾಳು ಹುಡುಕಲಾರವು. ಉಗುರು ಬೆಚ್ಚಗಿನ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯಿಂದ ದಿನಕ್ಕೆರಡು ಬಾರಿ ಕಣ್ಣು ಒರೆಸಿ, ರಾಗಿ ಮುದ್ದೆಯನ್ನು ಚಿಕ್ಕ ಚಿಕ್ಕ ಗುಳಿಗೆ ಮಾಡಿ ಬಾಯಿಗಿಟ್ಟರೆ ಬದುಕಿಕೊಳ್ಳುತ್ತವೆ. ಹೊಪ್ಪಳೆ ಕೀಳಬಾರದು. ರಕ್ತ ಬರುತ್ತದೆ, ಉದುರಿದ ಚೂರಿನಿಂದ ಬೇರೆ ಕೋಳಿಗೂ ಹರಡುತ್ತದೆ. ಬೇವಿನ ಎಣ್ಣೆ, ಅರಿಶಿನ ಸವರಿದರೆ ನೊಣವಾದರೂ ಕೂರುವುದಿಲ್ಲ. ಬಾಯೊಳಗೆ, ಗಂಟಲಲ್ಲಿ ಹಳದಿ ಪೊರೆ ಕಟ್ಟಿದ್ದರೆ ಮಾತ್ರ ಡಾಕ್ಟರಿಗೇ ತೋರಿಸಬೇಕು.

ಕಾಲಿನ ಹುರುಪೆ ಎದ್ದು ಒರಟಾಗುವುದು ಹುಳುಕಡ್ಡಿಯಂಥ ಕಾಯಿಲೆ, ಕಣ್ಣಿಗೆ ಕಾಣದ ನುಸಿಯಿಂದ ಬರುವುದು. ಸೀಮೆಎಣ್ಣೆ ಹಚ್ಚುವ ರೂಢಿ ಇದೆ. ಅದು ಚರ್ಮ ಸುಡುತ್ತದೆ, ಬಿಟ್ಟುಬಿಡಿ. ಸೋಪಿನ ಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ಒರೆಸಿ, ಕೊಬ್ಬರಿ ಎಣ್ಣೆಯನ್ನು ದಪ್ಪಗೆ ಬಳಿದರೆ ನುಸಿ ಉಸಿರುಗಟ್ಟಿ ಸಾಯುತ್ತದೆ, ಕೆಲವು ವಾರ ಬಿಡದೆ ಮಾಡಬೇಕು. ಗೂಡಿನ ಸಂದಿಗಳಲ್ಲಿ ಹಗಲು ಅಡಗಿದ್ದು ರಾತ್ರಿ ರಕ್ತ ಹೀರುವ ನುಸಿ, ಉಣ್ಣೆಗಳಿಗೆ ಕೋಳಿಯ ಮೈಗೆ ಏನು ಹಚ್ಚಿದರೂ ಪೂರ್ತಿ ಹೋಗವು. ಗೂಡನ್ನೇ ಬಿಸಿಲಿಗೆ ಹಾಕಿ, ಸಂದಿಗಳಿಗೆ ಕುದಿಯುವ ನೀರು ಸುರಿದು, ಸುಣ್ಣ ಬಳಿಯಬೇಕು.

ಮೊಟ್ಟೆ ಸಿಕ್ಕಿಕೊಂಡ ಹೇಟೆಯನ್ನು ಗುರುತಿಸುವುದು ಹೆಂಗಸರಿಗೆ ಕಷ್ಟವಲ್ಲ. ಬಾಲ ತಗ್ಗಿಸಿ, ಮೈ ನೆಟ್ಟಗೆ ಮಾಡಿ, ಮತ್ತೆ ಮತ್ತೆ ತಿಣುಕುತ್ತದೆ, ಗೂಡಿಗೆ ಹೋಗಿ ಬರಿದೇ ಬರುತ್ತದೆ. ಹೊಟ್ಟೆಯವರೆಗೆ ಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ಕೂರಿಸಿ, ಮೊಟ್ಟೆ ಬರುವ ದಾರಿಗೆ ಎಣ್ಣೆ ಸವರಿ, ಬೆಚ್ಚನೆಯ ಕತ್ತಲ ಜಾಗದಲ್ಲಿ ಬಿಟ್ಟರೆ ಎಷ್ಟೋ ಸಲ ಇಟ್ಟುಬಿಡುತ್ತದೆ. ಹೊಟ್ಟೆ ಒತ್ತಬಾರದು. ಒಳಗೆ ಮೊಟ್ಟೆ ಒಡೆದರೆ ಕೋಳಿ ಉಳಿಯುವುದು ಕಷ್ಟ. ಒಂದು ದಿನದೊಳಗೆ ಬಾರದಿದ್ದರೆ ಆಸ್ಪತ್ರೆಗೆ. ಮೊಟ್ಟೆಯಿಡುವ ಕೋಳಿಗೆ ಸುಣ್ಣದ ಅಂಶ ಬೇಕು. ಮೊಟ್ಟೆಯ ಸಿಪ್ಪೆಯನ್ನೇ ಹುರಿದು ಪುಡಿ ಮಾಡಿ ಹಾಕಿದರೂ ಆಯಿತು.

ಗಾಯದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗಾಯವಾದ ಕೋಳಿಯ ಮೇಲೆ ಜನ ಬಹಳ ಬೇಗ ಆಸೆ ಬಿಡುತ್ತಾರೆ. ನಮ್ಮ ಬೀದಿಯಲ್ಲಿ ಒಂದು ಹೇಟೆಯನ್ನು ನಾಯಿ ಬೆನ್ನು ಹಿಡಿದು ಎಳೆದಾಡಿತ್ತು. ರೆಕ್ಕೆಯ ಬುಡದಿಂದ ಬಾಲದವರೆಗೆ ಚರ್ಮ ಹರಿದು ಕೆಂಪು ಮಾಂಸ ಕಾಣುತ್ತಿತ್ತು. ಮನೆಯವರು ಚಾಕು ಹುಡುಕುತ್ತಿದ್ದರು. ನಾನು ಕೇಳಿ ಇಸಿದುಕೊಂಡು ಬಂದೆ.

ಮೊದಲು ಹಳೆ ಸೀರೆಯ ತುಂಡಿನಲ್ಲಿ ಸಡಿಲವಾಗಿ ಸುತ್ತಿ ತಲೆಯನ್ನೂ ಮುಚ್ಚಿದೆ. ಕಣ್ಣಿಗೆ ಕತ್ತಲಾದರೆ ಕೋಳಿ ಶಾಂತವಾಗುತ್ತದೆ. ಬಿಗಿಯಾಗಿ ಸುತ್ತಬಾರದು. ಕೋಳಿಗೆ ನಮ್ಮಂತೆ ಎದೆ ಹೊಟ್ಟೆಯ ನಡುವೆ ವಪೆ ಇಲ್ಲ, ಎದೆಯ ಗೂಡನ್ನೇ ಮೇಲೆ ಕೆಳಗೆ ಆಡಿಸಿ ಉಸಿರಾಡುತ್ತದೆ. ಎದೆಯನ್ನು ಅದುಮಿ ಹಿಡಿದರೆ ಗಾಯದಿಂದಲ್ಲ, ನಮ್ಮ ಕೈಯಿಂದಲೇ ಸಾಯುತ್ತದೆ. ರಕ್ತ ಜಿನುಗುವಲ್ಲಿ ಶುಭ್ರ ಬಟ್ಟೆ ಒತ್ತಿ ಹಿಡಿದು ನಿಲ್ಲಿಸಿದೆ. ಆಮೇಲೆ ಮಂಕರಿಯಲ್ಲಿ ಒಣ ಬಟ್ಟೆ ಹಾಸಿ, ಮೇಲೆ ಮುಚ್ಚಿ, ಒಂದು ತಾಸು ಅದರ ಪಾಡಿಗೆ ಬಿಟ್ಟೆ. ಹೆದರಿದ ಕೋಳಿಗೆ ತಕ್ಷಣ ಶುಶ್ರೂಷೆ ಎಂದು ಕೈಹಾಕಿದರೆ ಆ ಆಘಾತಕ್ಕೇ ಹೋಗಿಬಿಡುತ್ತದೆ.

ಅಷ್ಟರಲ್ಲಿ ಒಂದು ಲೀಟರ್ ನೀರು ಕುದಿಸಿ, ಎರಡು ಚಮಚ ಉಪ್ಪು ಹಾಕಿ ಆರಿಸಿದ್ದೆ. ಗಾಯದ ಸುತ್ತಲಿನ ಪುಕ್ಕವನ್ನು ಕತ್ತರಿಯಿಂದ ಕತ್ತರಿಸಿದೆ, ಕೀಳಲಿಲ್ಲ. ಪುಕ್ಕ ಗಾಯದೊಳಗೆ ಅಂಟಿಕೊಂಡರೆ ಕೀವಾಗುತ್ತದೆ. ಸೂಜಿ ತೆಗೆದ ಸಿರಿಂಜಿನಿಂದ ಉಪ್ಪುನೀರು ಹಾಯಿಸಿ ಹಾಯಿಸಿ ಮಣ್ಣು, ನಾಯಿಯ ಜೊಲ್ಲು ಎಲ್ಲ ತೊಳೆದೆ. ಪೊವಿಡೋನ್ ಅಯೋಡಿನ್ ಎಂದು ಔಷಧಿ ಅಂಗಡಿಯಲ್ಲಿ ಸಿಗುವ ಕಂದು ದ್ರಾವಣವನ್ನು ನೀರಿಗೆ ಬೆರೆಸಿ ತಿಳಿ ಚಹಾದ ಬಣ್ಣಕ್ಕೆ ತಂದು ಮತ್ತೊಮ್ಮೆ ತೊಳೆದೆ. ಕಾಫಿಪುಡಿ, ಸುಣ್ಣ, ಬೀಡಿ ಬೂದಿ ತುಂಬುವವರಿದ್ದಾರೆ. ಗಾಯದ ಬಾಯಿ ಮುಚ್ಚಿಹೋಗಿ ಒಳಗೆ ಕೊಳೆಯುತ್ತದೆ. ಮೇಲೆ ತೆಳ್ಳಗೆ ಅರಿಶಿನ ಉದುರಿಸಿದರೆ ಬೇಡವೆನ್ನುವುದಿಲ್ಲ, ತುಂಬಬಾರದು.

ಮರುದಿನವೇ ಪಶು ಆಸ್ಪತ್ರೆಗೆ ಒಯ್ದೆ. ನಾಯಿ, ಬೆಕ್ಕು, ಮುಂಗುಸಿ ಹಲ್ಲೂರಿದ ಗಾಯ ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಆಳವಿರುತ್ತದೆ, ಬಾಯಿಯ ಕೊಳೆ ಒಳಕ್ಕಿಳಿದಿರುತ್ತದೆ. ಅದಕ್ಕೆ ಡಾಕ್ಟರೇ ಇಂಜೆಕ್ಷನ್ ಬರೆಯಬೇಕು. ಅವರು ಗಾಯವನ್ನು ಹೊಲಿಯದೆ ತೆರೆದೇ ಬಿಡಲು ಹೇಳಿದರು. ಬೆಳಗ್ಗೆ ಸಂಜೆ ತೊಳೆದು, ಸೊಳ್ಳೆಪರದೆಯ ತುಂಡನ್ನು ಮಂಕರಿಗೆ ಕಟ್ಟಿ ನೊಣ ತಡೆದೆ. ನಮ್ಮ ಬಿಸಿಲಿಗೆ ನೊಣ ಒಮ್ಮೆ ಕೂತರೆ ಮರುದಿನಕ್ಕೇ ಹುಳ. ಹುಳ ಬಿದ್ದರೆ ಚಿಮಟದಿಂದ ಒಂದೊಂದನ್ನೂ ತೆಗೆಯಲೇಬೇಕು. ಬೇಯಿಸಿದ ಮೊಟ್ಟೆ, ನೆನೆಸಿದ ರಾಗಿ, ನುಗ್ಗೆಸೊಪ್ಪು ತಿನ್ನಿಸಿದೆ. ಕೆಲವು ದಿನಕ್ಕೆ ಕೆಂಪು ಮಾಂಸದ ಅಂಚಿನಿಂದ ತೆಳು ಗುಲಾಬಿ ಚರ್ಮ ಒಳಕ್ಕೆ ಹರಿದು ಬಂತು. ತಿಂಗಳಾಗುವ ಹೊತ್ತಿಗೆ ಗಾಯ ಕೂಡಿ ಪುಕ್ಕದ ಮೊಳಕೆ ಕಂಡಿತು. ಪೂರ್ತಿ ಕೂಡುವವರೆಗೆ ಹಿಂಡಿಗೆ ಬಿಡಬಾರದು. ಕೆಂಪು ಕಂಡರೆ ಉಳಿದ ಕೋಳಿಗಳು ಕುಕ್ಕಿ ಕುಕ್ಕಿ ಕೊಲ್ಲುತ್ತವೆ. ಆ ಹೇಟೆ ಮುಂದೆ ಕಾವು ಕೂತು ಮರಿ ಮಾಡಿತು.

ಇಷ್ಟೆಲ್ಲ ಮಾಡಿಯೂ ಉಳಿಯದ ಗಾಯಗಳಿವೆ. ಕರುಳು ಹೊರಬಂದಿದ್ದರೆ, ಬೆನ್ನುಮೂಳೆ ಮುರಿದು ಎರಡೂ ಕಾಲು ಎಳೆಯುತ್ತಿದ್ದರೆ ದಿನಗಟ್ಟಲೆ ನರಳಿಸುವುದು ದಯೆಯಲ್ಲ. ಅದನ್ನು ನೋಡಿ ಹೇಳುವಷ್ಟು ತಿಳಿವಳಿಕೆಯೂ ನಮಗೆ ಬರಬೇಕು.

ಔಷಧಿಯ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆಯನ್ನು ಅರೆದು ಕೋಳಿಗೆ ಹಾಕುವುದು ಊರೂರಲ್ಲೂ ಇದೆ. ವೈರಸ್ಸಿನ ಕಾಯಿಲೆಗೆ ಆ ಆ್ಯಂಟಿಬಯಾಟಿಕ್ ಏನೂ ಮಾಡದು. ಮಾಡುವ ಕಾಯಿಲೆಗೂ ಅಳತೆ ತಪ್ಪಿದರೆ ರೋಗಾಣು ಬಲಿಯುತ್ತದೆ, ಮೊಟ್ಟೆಯಲ್ಲಿ ಮಾಂಸದಲ್ಲಿ ಔಷಧಿ ಉಳಿದು ನಮ್ಮ ಮಕ್ಕಳ ಹೊಟ್ಟೆ ಸೇರುತ್ತದೆ. ಕೊಲಿಸ್ಟಿನ್ ಎಂಬ ಔಷಧಿಯನ್ನು ನಾವು ತಿನ್ನುವ ಪ್ರಾಣಿಗಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದ್ದು ಇದೇ ಭಯಕ್ಕೆ. ಯಾವ ಔಷಧಿ ಕೊಟ್ಟರೂ 'ಮೊಟ್ಟೆ ಎಷ್ಟು ದಿನ ತಿನ್ನಬಾರದು?' ಎಂದು ಡಾಕ್ಟರನ್ನು ಕೇಳಿಯೇ ಬರಬೇಕು.

ಇನ್ನು ಸಂತೆ. ಊರಲ್ಲಿ ಕೋಳಿ ಬೀಳತೊಡಗಿದರೆ ಉಳಿದವನ್ನು ಸಾಯುವ ಮೊದಲೇ ಮಾರಿಬಿಡೋಣವೆಂದು ಕಾಲು ಕಟ್ಟಿ ಸಂತೆಗೆ ಒಯ್ಯುತ್ತಾರೆ. ಬಡತನದಲ್ಲಿ ಆ ಯೋಚನೆ ಬರುವುದು ನನಗೆ ಅರ್ಥವಾಗುತ್ತದೆ. ಆದರೆ ರೋಗ ಹತ್ತೂರಿಗೆ ಹೋಗುವುದು ಹಾಗೆಯೇ. ಹೊಸತೊಡಕು, ಮಾರಿಹಬ್ಬದ ಮುಂದೆ ಕೋಳಿಗಳು ಊರಿಂದೂರಿಗೆ ಓಡಾಡುವುದೂ ಬೇಸಿಗೆಯ ರೋಗವೂ ಒಂದೇ ಕಾಲಕ್ಕೆ ಕೂಡಿಬರುತ್ತವೆ. ಸಂತೆಯಿಂದ ತಂದ ಕೋಳಿಯನ್ನು ಮೂರು ವಾರ ಬೇರೆಯೇ ಕಟ್ಟಿ ಸಾಕಬೇಕು. ಸತ್ತದ್ದನ್ನು ಹಳ್ಳಕ್ಕೋ ಕೆರೆ ಏರಿಗೋ ಎಸೆಯದೆ, ನಾಯಿ ಬಗೆಯದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಬೇಕು.

ಮನೆಮನೆಯಲ್ಲೂ ಒಮ್ಮೆಗೇ ಕೋಳಿಗಳು ಸಾಯತೊಡಗಿದರೆ, ಮುಖ ಊದಿ ಜುಟ್ಟು ನೀಲಿಗಟ್ಟಿದ್ದರೆ, ಅದು ಕೊಕ್ಕರೆ ರೋಗವೋ ಹಕ್ಕಿಜ್ವರವೋ ಎಂದು ನೋಡಿ ಹೇಳಲು ಯಾರಿಗೂ ಆಗದು. ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಗಬೇಕು. ದೇಶದಲ್ಲಿ ಮೊದಲು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕಂಡ ಹಕ್ಕಿಜ್ವರ 2012ರಲ್ಲಿ ನಮ್ಮ ಹೆಸರಘಟ್ಟಕ್ಕೆ, 2020ರಲ್ಲಿ ಮೈಸೂರಿಗೆ ಬಂದಿತ್ತು. ಅಂಥ ಕೋಳಿಯನ್ನು ಮುಟ್ಟದೆ, ಕುಯ್ಯದೆ, ಮಕ್ಕಳನ್ನು ಹತ್ತಿರ ಬಿಡದೆ ಪಶು ಆಸ್ಪತ್ರೆಗೋ ಪಶು ಸಹಾಯವಾಣಿ 1962ಕ್ಕೋ ಫೋನ್ ಮಾಡಬೇಕು. ತಿಳಿಸಿದರೆ ಇರುವ ಕೋಳಿಯನ್ನೂ ಕೊಂದುಹಾಕುತ್ತಾರೆಂದು ಜನ ಮುಚ್ಚಿಡುತ್ತಾರೆ. ಸರ್ಕಾರ ಕೊಲ್ಲಿಸಿದ ಕೋಳಿಗೆ ಪರಿಹಾರ ಉಂಟೆಂಬುದನ್ನು ಡಂಗುರ ಹೊಡೆಸಿಯಾದರೂ ತಿಳಿಸಬೇಕು.

ಪಶುಪಾಲನಾ ಇಲಾಖೆಗೂ ಗ್ರಾಮ ಪಂಚಾಯಿತಿಗಳಿಗೂ ನನ್ನ ಕೋರಿಕೆ ಇಷ್ಟು. ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ ಒಮ್ಮೆ, ಮತ್ತೆ ಆರು ತಿಂಗಳಿಗೆ ಒಮ್ಮೆ, ಪ್ರತಿ ಊರಿಗೂ ಕೋಳಿ ಲಸಿಕೆಯ ದಿನವನ್ನು ಮೊದಲೇ ಗೊತ್ತುಮಾಡಿ ಡೇರಿಯ ಬೋರ್ಡಿನ ಮೇಲೆ ಬರೆಸಲಿ. ನಡುವೆ ಹುಟ್ಟುವ ಮರಿಗಳಿಗೆ ತಿಂಗಳಿಗೊಂದು ಸಂಜೆ ಹನಿ ಹಾಕುವ ಏರ್ಪಾಡಾಗಲಿ. ಸಂಜೀವಿನಿ ಮಹಿಳಾ ಒಕ್ಕೂಟಗಳಲ್ಲಿ ಊರಿನ ಜಾನುವಾರುಗಳ ಆರೈಕೆಗೆಂದು ತರಬೇತಾದ ಪಶು ಸಖಿಯರು ಈಗಾಗಲೇ ಇದ್ದಾರೆ. ಅವರಿಗೆ ಕಣ್ಣಿನ ಹನಿ ಹಾಕುವುದು, ಗಾಯ ತೊಳೆಯುವುದು, ಜಂತಿನ ಔಷಧಿ ಅಳೆಯುವುದನ್ನು ಕೈಹಿಡಿದು ಕಲಿಸಿ, ಒಂದು ಲಸಿಕೆ ಡಬ್ಬಿ ಕೊಡಲಿ. ಪಶು ಆಸ್ಪತ್ರೆಯ ಔಷಧಿ ಪಟ್ಟಿಯಲ್ಲಿ ರಕ್ತ ಭೇದಿಯ ಪುಡಿ ಮಳೆಗಾಲಕ್ಕೆ ಮುಂಚೆಯೇ ಇರಲಿ. ತಾಲ್ಲೂಕಿನ ಡಾಕ್ಟರುಗಳಿಗೆ ಕೈತುಂಬ ಕೆಲಸವಿರುವುದು, ಎಷ್ಟೋ ಹುದ್ದೆ ಖಾಲಿ ಇರುವುದು ನಮಗೆ ಕಾಣುತ್ತದೆ. ಅವರೇ ಪ್ರತಿ ಗೂಡಿಗೂ ಬರಲಿ ಎಂದು ನಾವು ಕೇಳುತ್ತಿಲ್ಲ.

ನಮ್ಮ ಸ್ತ್ರೀಶಕ್ತಿ ಸಂಘದವರು ಮನೆಮನೆಯ ಕೋಳಿ ಪಟ್ಟಿ ಮಾಡಲು, ಸೀಸೆಯ ದುಡ್ಡು ಒಟ್ಟುಮಾಡಲು ಒಪ್ಪಿದ್ದಾರೆ. ಇಲಾಖೆಯವರು ದಿನಾಂಕ ತಿಳಿಸಿದರೆ ಸಾಕು, ಹಿಂದಿನ ಸಂಜೆ ಊರೆಲ್ಲ ಸಾರಿ ಬರುವ ಕೆಲಸ ನನ್ನದು.

ಇಂತಿ,
ನಿವೃತ್ತ ಅಂಗನವಾಡಿ ಕಾರ್ಯಕರ್ತೆ
ತುರುವೇಕೆರೆ ತಾಲ್ಲೂಕು, ತುಮಕೂರು ಜಿಲ್ಲೆ